ಹಾಲಮ್ಮನ ಸೌಟಿನ ಹಿಡಿ

ನದಿ ದಡದಲ್ಲಿ ಒಂದು ಆಶ್ರಮ. ಅದರ ಹಿತ್ತಲಲ್ಲಿ ತಗಡಿನ ಶೆಡ್ಡು. ಶೆಡ್ಡಿನಲ್ಲಿ ಪ್ಲಾಸ್ಟಿಕ್ ಕರಗಿಸಿ ಅಚ್ಚಿಗೆ ಒತ್ತುವ ಯಂತ್ರ.

ಕಾಣಿಕೆ ನಂಬಿಕೊಂಡು ಆಶ್ರಮ ನಡೆಸುವುದು ಗುರು ಕರಿಬಸಯ್ಯನವರಿಗೆ ಒಗ್ಗುತ್ತಿರಲಿಲ್ಲ. ಪಾತ್ರೆಗಳಿಗೆ ಹಿಡಿ ಮಾಡಿ ಮಾರುತ್ತಿದ್ದರು. ಕಲಿಯಲು ಬಂದವರಿಗೆ ಆ ಕೆಲಸವನ್ನೇ ಕಲಿಸುತ್ತಿದ್ದರು.

ಕಲಿತವನು ಹೊರಡುವ ಮುಂಚೆ ಒಂದು ಪರೀಕ್ಷೆ ಇತ್ತು. ತಾನು ಮಾಡಿದ ಹಿಡಿಯನ್ನು ಅಡುಗೆಯ ಹಾಲಮ್ಮನ ದೊಡ್ಡ ಸೌಟಿಗೆ ತೊಡಿಸಬೇಕು. ಅವಳಿಗೆ ಏನೂ ಹೇಳಬಾರದು. ಒಂದು ತಿಂಗಳು ಬಾಳಿದರೆ ಗುರುಗಳು ಉಕ್ಕಿನ ಅಚ್ಚೊಂದನ್ನು ಕೊಟ್ಟು ಕಳಿಸುತ್ತಿದ್ದರು. ಎಷ್ಟು ಸಲ ಬೇಕಾದರೂ ಮಾಡಬಹುದು. ಯುಗಾದಿಯೊಳಗೆ ಆಗದಿದ್ದರೆ ಇನ್ನೊಂದು ವರ್ಷ ಶೆಡ್ಡಿನಲ್ಲೇ.

ಬಕ್ಕೇಶ ಕಲಿಯಲು ಬಂದು ನಾಲ್ಕು ವರ್ಷವಾಗಿತ್ತು. ಅಕ್ಕ ಅವನಿಗಾಗಿ ಪೇಟೆಯಲ್ಲಿ ಒಂದು ಮಳಿಗೆ ನೋಡಿಟ್ಟಿದ್ದಳು. ಯುಗಾದಿಯವರೆಗೆ ಮಾತ್ರ ಖಾಲಿ ಇಡುತ್ತೇನೆ ಎಂದಿದ್ದ ಅದರ ಮಾಲೀಕ.

ಬಕ್ಕೇಶ ಆರಿಸಿದ್ದು ಬಿಸಿಗೆ ಜಗ್ಗದ ಪ್ಲಾಸ್ಟಿಕ್. ಜೇನಿನ ಬಣ್ಣ, ಬೆಳಕಿಗೆ ಹಿಡಿದರೆ ಆಚೆಯದು ಕಾಣುತ್ತದೆ. ಬೇರೇನೂ ಬೆರೆಸದೆ ಹಿಡಿ ಒತ್ತಿದ.

"ಕುದಿಯೋ ಕೊಪ್ಪರಿಗೆಗೆ ದಿನವಿಡೀ ಒರಗಿಸಿಟ್ಟರೂ ಬಗ್ಗಲ್ಲ, ಗುರುಗಳೇ."

"ಬಿದ್ದರೆ?"

"ಯಾಕೆ ಬೀಳುತ್ತೆ?"

ಗುರುಗಳು ಅಡುಗೆಮನೆಯ ಕಡೆ ಕೈ ತೋರಿಸಿದರು.

ಮೂರನೇ ದಿನ ಹಾಲಮ್ಮನ ಒದ್ದೆ ಕೈಯಿಂದ ಸೌಟು ಜಾರಿ ಚಪ್ಪಡಿಗೆ ಬಿತ್ತು. ಹಿಡಿ ಮೂರು ತುಂಡಾಯಿತು. ಬಿಸಿ ಸಾರು ಅವಳ ಪಾದದ ಮೇಲೆ ಚೆಲ್ಲಿತು.

"ಯಾವ ಪುಣ್ಯಾತ್ಮ ಗಾಜಿನ ಬಳೆ ತಂದು ಸೌಟಿಗೆ ತೊಡಿಸಿದ್ದು? ಸೀಮಂತ ಮಾಡ್ತಾನಂತಾ ಇದಕ್ಕೆ?"

ಬಕ್ಕೇಶ ತುಂಡುಗಳನ್ನು ಆರಿಸಿಕೊಂಡು ಗುರುಗಳ ಹತ್ತಿರ ಬಂದ. "ಕೈ ಜಾರಿಸಿದ್ದು ಅವಳು. ಹಿಡಿಯದೇನು ತಪ್ಪು?"

"ಇನ್ನೂರು ಜನಕ್ಕೆ ಬಡಿಸೋ ಕೈ ಅದು, ಒದ್ದೆ ಇರುತ್ತೆ. ಕೈ ಒಣಗಿದವರನ್ನೇ ಹುಡುಕಿ ಮಾರ್ತೀಯೇನಪ್ಪಾ?"

"ಹಾಗಾದರೆ ಮೆತ್ತನೆಯದು ಬೆರೆಸಬೇಕು. ಒಳ್ಳೆ ಮಾಲಿಗೆ ಕಲಬೆರಕೆ ಮಾಡಲೇ?"

"ಗಿರಾಕಿಗೆ ಕಡಿಮೆ ಕೊಡೋಕೆ ಬೆರೆಸಿದರೆ ಕಲಬೆರಕೆ. ನೀನು ಹೆಚ್ಚು ಕೊಡೋಕೆ ಬೆರೆಸು."

ಬಕ್ಕೇಶ ಬೆರೆಸಿದ. ಆದರೆ ಜೇನಿನ ಬಣ್ಣ ಬಿಡಲು ಮನಸ್ಸಿಲ್ಲ. ಬೆರೆತದ್ದು ಕಣ್ಣಿಗೇ ಕಾಣದಂಥ ಮೆತ್ತನೆಯ ಪ್ಲಾಸ್ಟಿಕ್ ಒಂದನ್ನು ಹುಡುಕಿ, ಎರಡೂ ಒಂದೇ ಆಗುವವರೆಗೆ ಯಂತ್ರದಲ್ಲಿ ಮೂರು ಸಲ ಹಾಯಿಸಿದ. ಹಿಡಿ ಮೊದಲಿನಷ್ಟೇ ತಿಳಿಯಾಗಿ ಬಂತು. ಚಪ್ಪಡಿಗೆ ತಾನೇ ಎತ್ತಿ ಹಾಕಿದ. ಒಡೆಯಲಿಲ್ಲ.

ಎರಡು ದಿನ ಕೊಪ್ಪರಿಗೆಯ ಅಂಚಿಗೆ ಒರಗಿದ್ದ ಸೌಟಿನ ಹಿಡಿ ಬಾಡಿದ ನುಗ್ಗೆಕಾಯಿಯ ಹಾಗೆ ಜೋತುಬಿತ್ತು.

"ಮೊನ್ನೆ ಗಾಜು, ಇವತ್ತು ಮೇಣ," ಎಂದಳು ಹಾಲಮ್ಮ. "ನಾಳೆ ಬೆಣ್ಣೇದು ಮಾಡ್ಕೊಂಡು ಬಾರಪ್ಪಾ ಬಕ್ಕೇಶಿ, ರೊಟ್ಟಿಗಾದರೂ ಆಗುತ್ತೆ."

ಯಾರ ಕೆಲಸವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಗುರುಗಳು ಜೋತ ಹಿಡಿಯನ್ನು ತಿರುಗಿಸಿ ನೋಡಿದರು. "ಪೂರ್ತಿ ಕರಗಿಸಿದೆಯಲ್ಲ, ಇದರಲ್ಲಿ ಇಲ್ಲವಾದದ್ದು ಯಾವುದು?"

"ಮೆತ್ತನೆಯದು."

"ಗಟ್ಟಿಯದೂ."

ಈ ಸಲ ಬಕ್ಕೇಶ ರಬ್ಬರನ್ನೇ ಹಾಕಿದ. ಅದು ಎಷ್ಟು ಹಾಯಿಸಿದರೂ ಪ್ಲಾಸ್ಟಿಕ್ಕಿನ ಜೊತೆ ಒಂದಾಗುವಂಥದ್ದಲ್ಲ. ಹಿಡಿ ತಣ್ಣಗಾಗುವಷ್ಟರಲ್ಲಿ ಅವನ ಕೈಯಲ್ಲೇ ಈರುಳ್ಳಿಯ ಹಾಗೆ ಪದರ ಪದರವಾಗಿ ಬಿಟ್ಟುಕೊಂಡಿತು. ಅದನ್ನು ಹಿಡಿದುಕೊಂಡೇ ನದಿಗೆ ಹೋದ.

ಗುರುಗಳು ಹಳೆಯ ಪಂಚೆ ಒಗೆಯುತ್ತಿದ್ದರು.

"ಕರಗಿದರೆ ಜೋತುಬೀಳುತ್ತೆ. ಕರಗದಿದ್ದರೆ ಕಿತ್ತುಬರುತ್ತೆ. ಯುಗಾದಿಗೆ ಇನ್ನು ಐದು ವಾರ ಇದೆ, ಗುರುಗಳೇ. ನಾನೇನು ಮಾಡಲಿ?"

ಗುರುಗಳು ಪಂಚೆಯ ಅಂಚನ್ನು ಹಲ್ಲಿನಿಂದ ಕಚ್ಚಿ ಎಳೆದರು. ಪರ್ರೆಂದು ಮೊಳದುದ್ದ ಸೀಳಿತು. ಸೀಳಿನ ದಾರಿಯಲ್ಲಿ ಒಂದು ತೇಪೆ ಸಿಕ್ಕಿತು. ಅದು ಅಂಟು ಹಚ್ಚಿ ಮೆತ್ತಿದ್ದು. ಕಳಚಿ ನೀರಿಗೆ ಬಿತ್ತು, ಸೀಳು ಮುಂದೆ ಓಡಿತು. ಆಮೇಲೆ ಇನ್ನೊಂದು ತೇಪೆ, ಒತ್ತಾಗಿ ಹೊಲಿದದ್ದು. ಸೀಳು ಅಲ್ಲಿಗೆ ಬಂದು ನಿಂತಿತು. ಎಷ್ಟು ಜಗ್ಗಿದರೂ ಮುಂದೆ ಹೋಗಲಿಲ್ಲ.

"ಹೊಲಿದು ಎಷ್ಟು ವರ್ಷ ಆಯ್ತು ಇದನ್ನ. ತೇಪೆ ಪಂಚೆಯಾಯ್ತಾ?"

"ಇಲ್ಲ."

"ಬಿಟ್ಟು ಹೋಯ್ತಾ?"

"ಇಲ್ಲ. ದಾರ ಎರಡನ್ನೂ ಹಿಡಿದಿದೆ."

"ನಿನ್ನ ಹಿಡಿಯಲ್ಲಿ ದಾರ ಎಲ್ಲಿದೆ?"

ಬಕ್ಕೇಶ ಶೆಡ್ಡಿಗೆ ಓಡಿದ. ಕಪಾಟಿನ ಮೇಲಿನ ಡಬ್ಬಿಗಳನ್ನೆಲ್ಲ ಇಳಿಸಿದ. ಒಂದರಲ್ಲಿ ಬಿಳಿ ಪುಡಿಯಿತ್ತು. ಅದರ ಕಣಕಣದ ಒಂದು ತುದಿ ಪ್ಲಾಸ್ಟಿಕ್ಕನ್ನು ಹಿಡಿಯುತ್ತದೆ, ಇನ್ನೊಂದು ತುದಿ ರಬ್ಬರನ್ನು ಎಂದು ಗುರುಗಳು ಎಂದೋ ಹೇಳಿದ್ದರು. ನಾಲ್ಕು ವರ್ಷ ಆ ಡಬ್ಬಿಯ ಧೂಳು ಒರೆಸಿದ್ದ, ಮುಚ್ಚಳ ತೆಗೆದಿರಲಿಲ್ಲ.

ರಬ್ಬರು ಹೆಚ್ಚಾಗಿ ಒಂದು ಹಿಡಿ ಕೆಟ್ಟಿತು. ಪುಡಿ ಕಡಿಮೆಯಾಗಿ ಇನ್ನೊಂದು. ನಾಲ್ಕನೇ ದಿನ ಬಂದದ್ದರ ತುದಿ ಕತ್ತರಿಸಿ, ಭೂತಗನ್ನಡಿ ಇಟ್ಟು ನೋಡಿದ. ಗಟ್ಟಿ ಪ್ಲಾಸ್ಟಿಕ್ಕಿನ ಒಳಗೆಲ್ಲ ರಬ್ಬರಿನ ಸಣ್ಣ ಸಣ್ಣ ಕಾಳು, ಪ್ರತಿಯೊಂದೂ ಬೇರೆ ಬೇರೆ. ಉಗುರಿನಿಂದ ಕೆದಕಿದರೆ ಒಂದೂ ಏಳಲಿಲ್ಲ.

ಆದರೆ ಹಿಡಿ ಮೊಸರಿನ ಹಾಗೆ ಬೆಳ್ಳಗಾಗಿತ್ತು.

"ಜೇನಿನ ಬಣ್ಣ ಹೋಯಿತು, ಗುರುಗಳೇ. ಆಚೆಯದು ಏನೂ ಕಾಣಲ್ಲ."

"ಹಾಲಮ್ಮ ಹಿಡಿಯೊಳಗಿಂದ ಯಾರನ್ನ ನೋಡಬೇಕಾಗಿತ್ತು?"

ಹಿಡಿ ಸೌಟಿಗೆ ಏರಿತು. ಬಕ್ಕೇಶ ದಿನಾ ಏನಾದರೊಂದು ನೆಪ ಮಾಡಿಕೊಂಡು ಅಡುಗೆಮನೆಗೆ ಹೋಗಿ ಬರುತ್ತಿದ್ದ. ಒಂದು ವಾರ ಕಳೆಯಿತು, ಎರಡು, ಮೂರು. ಹಿಡಿ ಕೊಪ್ಪರಿಗೆಗೆ ಒರಗಿಯೇ ಇತ್ತು, ಬಗ್ಗಲಿಲ್ಲ. ಹಾಲಮ್ಮನ ಪಾದದ ಸುಟ್ಟ ಗಾಯ ಒಣಗಿ, ಕಲೆ ಉಳಿದಿತ್ತು.

ಯುಗಾದಿಯ ಹಿಂದಿನ ದಿನ ತಿಂಗಳು ತುಂಬುತ್ತಿತ್ತು. ಹೋಳಿಗೆಯ ಬೇಳೆ ಕುದಿಯುತ್ತಿತ್ತು. ಬಕ್ಕೇಶ ಬಾಗಿಲಲ್ಲಿ ನಿಂತಿದ್ದಾಗಲೇ ಸೌಟು ಹಾಲಮ್ಮನ ಕೈಯಿಂದ ಜಾರಿತು. ಹಿಡಿಯ ಕಡೆಯೇ ಚಪ್ಪಡಿಗೆ ಬಡಿದು, ಪುಟಿದು, ಗೋಡೆಗೆ ತಾಗಿ ಬಿತ್ತು.

ಬಕ್ಕೇಶ ಹಿಡಿ ನೋಡಲು ಒಳಗೆ ನುಗ್ಗಿದ.

"ಅಡ್ಡ ನಿಲ್ಲಬ್ಯಾಡವೋ ಮಾರಾಯ," ಎಂದಳು ಹಾಲಮ್ಮ. ಸೌಟು ಎತ್ತಿ ನೀರಿಗೆ ಅದ್ದಿ, ಬೇಳೆ ತಿರುವತೊಡಗಿದಳು.

ಬಕ್ಕೇಶ ಗುರುಗಳ ಹತ್ತಿರ ಬಂದು ನಿಂತ. ಮುಖದಲ್ಲಿ ಗೆಲುವಿರಲಿಲ್ಲ.

"ಒಡೀತಾ?"

"ಇಲ್ಲ."

"ಮತ್ತೇನು?"

"ನಾಲ್ಕು ವರ್ಷದ ಕೆಲಸ, ಗುರುಗಳೇ. ಕೆಳಗೆ ಬಿದ್ದರೂ ಅವಳು ಹಿಡಿ ಕಡೆ ನೋಡಲೇ ಇಲ್ಲ."

ಗುರುಗಳು ಎದ್ದು, ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಅಚ್ಚನ್ನು ಅವನ ಕೈಗಿಟ್ಟರು.

"ನೋಡಿದ್ದರೆ ಇನ್ನೊಂದು ವರ್ಷ ನೀನು ಇಲ್ಲೇ ಇರಬೇಕಾಗಿತ್ತು."