ಹಿಂದಕ್ಕೆ ಚಾಚಿದ ಕೈ

ಬೀಜದ ಕಂಪನಿಯ ಆಫೀಸಿಗೆ ಒಂದೇ ಒಂದು ದುಬಾರಿ ಲ್ಯಾಪ್‌ಟಾಪ್ ಬಂದಿತ್ತು, ಹೂವಿನಷ್ಟು ಹಗುರ. ಮ್ಯಾನೇಜರ್ ಶೇಷಪ್ಪನವರು ಕ್ಲರ್ಕ್ ಪದ್ಮಾಕ್ಷಿಯನ್ನು ಕರೆದು ಗುಡುಗಿದರು: "ಹಳೇದನ್ನ ಹೊತ್ತೂ ಹೊತ್ತೂ ನನ್ನ ಭುಜ ಬಿದ್ದುಹೋಗಿದೆ. ಇವತ್ತು ಹೆಡ್ಡಾಫೀಸಿನ ಮೇಡಂ ಬರ್ತಾರೆ. ಹೊಸದು ನನಗೇ ಸಿಗಬೇಕು, ಇಲ್ಲಾಂದ್ರೆ ನೋಡ್ಕೋ!"

ಕಲ್ಲಿನಂಥ ಆ ಹಳೇದನ್ನು ದಿನಾ ಹೊತ್ತು ಅವರ ಹಿಂದೆ ಓಡುತ್ತಿದ್ದವಳು ಪದ್ಮಾಕ್ಷಿ! ಆದರೂ ತಲೆಯಾಡಿಸಿದಳು.

ಮೇಡಂ ಕಾರಿನಿಂದ ಇಳಿದರು. "ಎರಡನ್ನೂ ಹೋಲಿಸಿ ನೋಡೋಣ ಮೇಡಂ," ಎಂದಳು ಪದ್ಮಾಕ್ಷಿ. "ಸಾಹೇಬರು ಮೊದಲು ಹಳೇದನ್ನ ಮಹಡಿಗೆ ಹೊತ್ತು ತೋರಿಸಲಿ, ಆಮೇಲೆ ಹೊಸದನ್ನ."

ಶೇಷಪ್ಪನವರು ಹಳೇದರ ಬ್ಯಾಗು ಎತ್ತಿಕೊಂಡು ಠೀವಿಯಿಂದ ಮುಂದೆ ನಡೆದರು. ಪದ್ಮಾಕ್ಷಿ ಪಕ್ಕಕ್ಕೆ ಸರಿದು, "ನೀವು ನಡೀರಿ ಮೇಡಂ," ಎಂದು ದಾರಿ ಬಿಟ್ಟಳು. ಮೊದಲ ಮೆಟ್ಟಿಲು ಬಂದದ್ದೇ ತಡ, ಸಾಹೇಬರ ಕೈ ಬ್ಯಾಗಿನ ಸಮೇತ ತಾನಾಗಿಯೇ ಹಿಂದಕ್ಕೆ ಚಾಚಿಕೊಂಡಿತು. ಮೇಡಂ ಸುಮ್ಮನೆ ಇಸಿದುಕೊಂಡರು.

ಮೇಲೆ ತಲುಪಿ ಶೇಷಪ್ಪನವರು ಹಣೆ ಒರೆಸಿಕೊಂಡರು. "ನೋಡಿದ್ರಾ ಮೇಡಂ, ಎಂಥಾ ಭಾರ!"

"ಹೌದ್ರೀ," ಎಂದರು ಮೇಡಂ ಏದುಸಿರು ಬಿಡುತ್ತಾ, "ನನ್ನ ಭುಜ ಬಿದ್ದುಹೋಯ್ತು. ದಿನಾ ನಿಮ್ಮ ಹಿಂದೆ ಯಾರಿರ್ತಾರೆ?"

ಸಾಹೇಬರು ತಿರುಗಿ ನೋಡಿದರು. ಪದ್ಮಾಕ್ಷಿ ಮೆಲ್ಲಗೆ ಕೈ ಎತ್ತಿದಳು.

ಈಗ ಹೊಸದು ಪದ್ಮಾಕ್ಷಿಯ ಹೆಗಲಿಗೆ, ಹಳೇದು ಶೇಷಪ್ಪನವರ ಹೆಗಲಿಗೆ. ಮೆಟ್ಟಿಲು ಬಂದಾಗೆಲ್ಲ ಅವರ ಕೈ ಇನ್ನೂ ಹಿಂದಕ್ಕೆ ಚಾಚುತ್ತದೆ. ಇಸಿದುಕೊಳ್ಳುವವರು ಮಾತ್ರ ಯಾರೂ ಇಲ್ಲ.