ಹೊತ್ತು ಕೇಳುತ್ತಿದ್ದ ನಾಯಿ

ಹಟ್ಟಿ ಕಾಯುವ ಮುದಿ ನಾಯಿಗೆ ರಾತ್ರಿ ನಾಲ್ಕೈದು ಸಲ ಎಚ್ಚರವಾಗುತ್ತಿತ್ತು. ಆದಾಗಲೆಲ್ಲ ಅದು ಕೊಟ್ಟಿಗೆಗೆ ಹೋಗಿ, ಜಂತಿಯ ಮೇಲೆ ಮಲಗಿದ ಹುಂಜವನ್ನು ಎಬ್ಬಿಸಿ, "ಹುಂಜಣ್ಣ, ಬೆಳಗಾಗಲು ಇನ್ನೆಷ್ಟು ಹೊತ್ತಿದೆ?" ಎಂದು ಕೇಳುತ್ತಿತ್ತು. ಬಹಳ ಹೊತ್ತಿದೆ ಎಂದರೆ, ಅಷ್ಟು ಹೊತ್ತು ಕಳೆಯುವುದು ಹೇಗಪ್ಪಾ ಎಂದು ನಿದ್ದೆ ಬಾರದು. ಇನ್ನೇನು ಬೆಳಗಾಯಿತು ಎಂದರೆ, ಇಷ್ಟಕ್ಕೆ ಮಲಗಿ ಏನು ಸುಖ ಎಂದು ನಿದ್ದೆ ಬಾರದು. ಒಂದು ದಿನ ಹಗಲು ತೂಕಡಿಸುತ್ತಿದ್ದ ಅದರ ಮೂಗಿನ ಮುಂದೆಯೇ ಮುಂಗುಸಿ ಒಂದು ಕೋಳಿಮರಿಯನ್ನು ಹೊತ್ತೊಯ್ದಿತು. "ಇನ್ನೊಂದು ಮರಿ ಹೋದರೆ ನಿನ್ನನ್ನು ಅಟ್ಟಿಬಿಡುತ್ತೇನೆ" ಎಂದಳು ಮನೆಯೊಡತಿ.

ಆ ರಾತ್ರಿ ನಾಯಿ ಮತ್ತೆ ಕೊಟ್ಟಿಗೆಗೆ ಬಂದಾಗ ಎಮ್ಮೆ ತಡೆಯಿತು.

"ನನಗೂ ಎಚ್ಚರವಾಗುತ್ತದೆ ಕಣಪ್ಪಾ. ನಾನು ಯಾರನ್ನೂ ಹೊತ್ತು ಕೇಳುವುದಿಲ್ಲ. ನಾಲ್ಕು ಬಾರಿ ಮೆಲುಕು ಹಾಕುತ್ತೇನೆ, ಕಣ್ಣು ತಾನೇ ಮುಚ್ಚುತ್ತದೆ."

"ಮೆಲುಕು ಹಾಕಲು ನನ್ನಲ್ಲೇನಿದೆ, ಎಮ್ಮೆಕ್ಕ?"

"ಮಲಗುವ ಮುನ್ನ ಸುತ್ತು ಹಾಕುವುದು ನಿಮ್ಮ ಕುಲದ ರೂಢಿಯಲ್ಲವೇ? ಎಚ್ಚರವಾದಾಗಲೂ ಅದನ್ನೇ ಮಾಡು."

ನಾಯಿ ಹಿಂದಿರುಗಿ ತನ್ನ ಗೋಣಿತಾಟಿನ ಮೇಲೆ ಮೂರು ಸುತ್ತು ಸುತ್ತಿ ಮುದುರಿಕೊಂಡಿತು. ಎಚ್ಚರವಾದಾಗಲೆಲ್ಲ ಹಾಗೆಯೇ ಮಾಡಿತು.

ಮರುದಿನ ಬಂದ ಮುಂಗುಸಿ ಬೇಲಿಯ ಬಳಿಯೇ ನಾಯಿಯ ಹಲ್ಲು ಕಂಡು ಓಟ ಕಿತ್ತಿತು. ಆಗ ಹುಂಜ ಕೆಂಗಣ್ಣು ಬಿಟ್ಟು ಬಂದು, "ನೀನು ಈಗ ಬರುತ್ತೀಯ, ಆಗ ಬರುತ್ತೀಯ ಎಂದು ರಾತ್ರಿಯಿಡೀ ಕಾದೆನಲ್ಲೋ! ನಿನಗೆ ಎಚ್ಚರವೇ ಆಗಲಿಲ್ಲವೇ?" ಎಂದಿತು.

"ಆಯಿತು, ಹುಂಜಣ್ಣ" ಎಂದಿತು ನಾಯಿ. "ಆಗ ಹೊತ್ತೆಷ್ಟಾಗಿತ್ತೆಂದು ಮಾತ್ರ ಗೊತ್ತಿಲ್ಲ."