ಬೇಗ ಬಂದ ಆಮೆ

ಕೆರೆಯ ಏರಿಯ ಮೇಲೆ ಒಂದು ಏಡಿ ಕಾರು ಬಾಡಿಗೆಗೆ ಕೊಡುತ್ತಿತ್ತು. ಇದ್ದದ್ದು ಒಂದೇ ಕಾರು. ಭಾನುವಾರದವರೆಗೆಂದು ಅದನ್ನು ಒಯ್ದಿದ್ದ ಆಮೆ, ನೆಂಟರ ಮನೆಯ ಕೆಲಸ ಬೇಗ ಮುಗಿದದ್ದರಿಂದ ಶುಕ್ರವಾರವೇ ತಂದು ನಿಲ್ಲಿಸಿತು.

"ಉಳಿದ ದಿನಗಳ ಬಾಡಿಗೆ ವಾಪಸ್ ಬೇಡ. ಕಾರು ತೆಗೆದುಕೊಳ್ಳಿ," ಎಂದಿತು ಆಮೆ.

"ಅವಧಿಗೆ ಮೊದಲೇ ತಂದರೆ ದಂಡ ಕಟ್ಟಬೇಕು," ಎಂದಿತು ಏಡಿ. "ತಡವಾಗಿ ತಂದರೂ ಕಟ್ಟಬೇಕು. ಕರಾರು ಇರುವುದೇ ಹಾಗೆ."

"ಹಾಗಾದರೆ ನಾನಿನ್ನೂ ತಂದಿಲ್ಲ," ಎಂದ ಆಮೆ ಏಡಿಯ ಅಂಗಳದಲ್ಲೇ ಕಾರಿನ ಬಾಗಿಲು ಹಾಕಿಕೊಂಡು, ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡು ಮಲಗಿಬಿಟ್ಟಿತು. ಕಾಯುವುದು ಅದಕ್ಕೆ ಹೊಸದಲ್ಲ.

ಮರುದಿನ ಬೆಳಿಗ್ಗೆ ಕಪ್ಪೆಗಳ ಮದುವೆ ದಿಬ್ಬಣ ಬಂತು. ಅವು ಗೊತ್ತು ಮಾಡಿದ್ದ ಗಾಡಿ ಕೈಕೊಟ್ಟಿತ್ತು, ಮುಹೂರ್ತ ಹತ್ತಿರವಾಗುತ್ತಿತ್ತು. ಬಾಡಿಗೆ ಎಷ್ಟಾದರೂ ಸರಿ, ಕಾರು ಬೇಕು ಎಂದವು.

ಏಡಿ ಓಡಿಹೋಗಿ ಕಾರಿನ ಗಾಜು ತಟ್ಟಿತು. "ಆಮೆಯವರೇ, ಏಳಿ. ಕಾರು ಬಿಟ್ಟುಕೊಡಿ."

"ಬೇಗ ಬಿಟ್ಟರೆ ದಂಡ ಬೀಳುತ್ತದಲ್ಲ," ಎಂದಿತು ಆಮೆ.

"ನಿಮಗೆ ದಂಡ ಬೇಡ ಬಿಡಿ, ಮನ್ನಾ ಮಾಡಿದ್ದೇನೆ."

ಆಮೆ ಬಾಗಿಲು ತೆರೆದು ಒಂದು ಕಾಲು ಕೆಳಗಿಟ್ಟಿತು. ಅಷ್ಟರಲ್ಲಿ ಮದುಮಗನ ತಾಯಿ ಕಪ್ಪೆ ಕೇಳಿತು, "ನಮ್ಮ ಮದುವೆ ಬೇಗ ಮುಗಿದು, ಕಾರನ್ನು ಬೇಗ ತಂದರೆ?"

ಏಡಿ ಬಾಯಿ ತೆರೆಯಿತು. ಆಮೆ ಇಟ್ಟ ಕಾಲನ್ನು ಅಲ್ಲೇ ಇಟ್ಟುಕೊಂಡು ಏಡಿಯ ಮುಖವನ್ನೇ ನೋಡುತ್ತಾ ಕುಳಿತಿತು.

"ತನ್ನಿ," ಎಂದಿತು ಏಡಿ. "ಬೇಗ ತಂದವರಿಗೆ ಯಾರಿಗೂ ದಂಡವಿಲ್ಲ."

ಆಗ ಆಮೆ ಉಳಿದ ಮೂರು ಕಾಲುಗಳನ್ನೂ ಕೆಳಗಿಟ್ಟಿತು.